ಕುವಳಾಲದ ಕೆರೆಗಳೂ ಚಿನ್ನದ ಬಿರುದೂ

ಕೋಲಾರದ ಬಗ್ಗೆ ವೇದಿಕೆಯ ಮೇಲೆ ಮಾತನಾಡುವವರು ಸಾಮಾನ್ಯವಾಗಿ ಎರಡು ಬಗೆಯವರು. ಒಬ್ಬರು ‘ಚಿನ್ನದ ನಾಡು’ ಎಂದು ತೊಡಗಿ, ಗಂಗರು, ಶ್ರೀಪಾದರಾಜರು, ಡಿ.ವಿ.ಜಿ., ಮಾಸ್ತಿ ಎಂದು ಒಂದೇ ಉಸಿರಿನಲ್ಲಿ ಹೆಸರುಗಳನ್ನು ಪಠಿಸಿ, ಚಪ್ಪಾಳೆ ಪಡೆದು ಕುಳಿತುಕೊಳ್ಳುತ್ತಾರೆ. ಇನ್ನೊಬ್ಬರು ‘ಬರಪೀಡಿತ ಗಡಿ ಜಿಲ್ಲೆ’ ಎಂದು ಮರುಗಿ ಅನುದಾನ ಬೇಡುತ್ತಾರೆ. ಒಂದು ಹೊಗಳಿಕೆ, ಇನ್ನೊಂದು ಗೋಳು. ಎರಡೂ ಹುಟ್ಟಿದ್ದು ಒಂದೇ ಅಜ್ಞಾನದಿಂದ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಈ ಕೆಂಪು ನೆಲದಲ್ಲಿ ರಾಜಧಾನಿಯೊಂದು ಹೇಗೆ ನಿಂತಿತು, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಊರಿಗೊಂದು ಗುಡಿ, ಗುಡಿಗೊಂದು ದತ್ತಿ ಹೇಗೆ ಸಾಧ್ಯವಾಯಿತು ಎಂದು ಇಬ್ಬರೂ ಕೇಳುವುದಿಲ್ಲ.

ಚಿನ್ನದ ಮಾತನ್ನು ಬೇಗ ಮುಗಿಸಬಹುದು. ಪ್ರಾಚೀನರು ಇಲ್ಲಿ ಚಿನ್ನ ತೆಗೆದ ಕುರುಹುಗಳಿವೆ, ನಿಜ. ಆದರೆ ‘ಕೆ.ಜಿ.ಎಫ್.’ ಎಂಬ ಹೆಸರಿಗೆ ಕಾರಣವಾದ ಗಣಿಗಾರಿಕೆ 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಕೈಯಲ್ಲಿ ಬೆಳೆದು, 2001ರ ಫೆಬ್ರವರಿಯಲ್ಲಿ ಬಾಗಿಲು ಹಾಕಿತು. 1902ರಲ್ಲಿ ಶಿವನಸಮುದ್ರದಿಂದ ಕಾವೇರಿಯ ವಿದ್ಯುತ್ತು ಅಷ್ಟು ದೂರ ಬಂದದ್ದು ಗಣಿಗಾಗಿ. ಸುತ್ತಲ ಹಳ್ಳಿಗಳು ಬುಡ್ಡಿದೀಪದಲ್ಲೇ ಉಳಿದವು. ಚಿನ್ನ ಹೋಯಿತು. ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡ ಕಾರ್ಮಿಕರ ಮನೆತನಗಳೂ ಸೈನೈಡ್ ದಿಬ್ಬಗಳೂ ಉಳಿದವು. ನೂರಿಪ್ಪತ್ತು ವರ್ಷಗಳ ಈ ಕಥೆಯನ್ನು ಇಡೀ ಸೀಮೆಯ ಬಿರುದಾಗಿ ಮಾಡಿ, ಸಾವಿರದೈನೂರು ವರ್ಷಗಳ ಇನ್ನೊಂದು ಕಥೆಯನ್ನು ಮರೆಯುವುದು ಯಾವ ಲೆಕ್ಕದ ಹೆಮ್ಮೆ?

ಆ ಇನ್ನೊಂದು ಕಥೆಗೆ ಮಾಲೂರು ತಾಲ್ಲೂಕಿನ ನೊಣಮಂಗಲಕ್ಕೆ ಹೋಗಬೇಕು. ಅಲ್ಲಿನ ಪಾಳುಬಿದ್ದ ಬಸದಿಯ ನೆಲೆಯಲ್ಲಿ ದೊರೆತ ಎರಡು ಗಂಗ ತಾಮ್ರಶಾಸನಗಳನ್ನು ಬಿ. ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. 5ನೆಯ ಶತಮಾನದ ಆಸುಪಾಸಿನ ಈ ಸಂಸ್ಕೃತ ಶಾಸನಗಳಲ್ಲಿ ಒಂದು ಮಾಧವನದು, ಇನ್ನೊಂದು ಅವನ ಮಗ ಅವಿನೀತನದು. ಎರಡೂ ಮೂಲಸಂಘದ ಅರ್ಹದಾಯತನಗಳಿಗೆ ಕೊಟ್ಟ ದತ್ತಿಗಳು. ಜೈನ ಇತಿಹಾಸಕಾರರು ಇವನ್ನು ಉಲ್ಲೇಖಿಸುವಾಗ ಆಚಾರ್ಯರ ಹೆಸರುಗಳನ್ನು ಎತ್ತಿಕೊಂಡು, ಗಂಗರ ಜಿನಭಕ್ತಿಗೆ ಪ್ರಮಾಣ ಸಿಕ್ಕಿತೆಂದು ತೃಪ್ತರಾಗುತ್ತಾರೆ. ದತ್ತಿಯಲ್ಲಿ ಕೊಟ್ಟದ್ದೇನು ಎಂದು ನೋಡುವವರು ಕಡಿಮೆ. ಮಾಧವನ ಶಾಸನ ಕೊಟ್ಟದ್ದು ಒಂದು ಊರನ್ನೂ, ಅದರೊಂದಿಗೆ ಮಹಾತಟಾಕದ ಕೆಳಗಿನ ಹನ್ನೆರಡು ಖಂಡುಗ ಬಿತ್ತುವಷ್ಟು ಭೂಮಿಯನ್ನೂ, ತೋಟವನ್ನೂ. ಎಂದರೆ, ಬಸದಿಗಿಂತ ಮೊದಲೇ ಕೆರೆಯಿತ್ತು. ಕೆರೆಯಿದ್ದುದರಿಂದಲೇ ಬಸದಿ ಬಾಳಿತು.

ಸಿಂಹನಂದಿ ಆಚಾರ್ಯರು ದಡಿಗ–ಮಾಧವರಿಗೆ ರಾಜ್ಯ ಕಟ್ಟಿಕೊಟ್ಟರೆಂಬ ಪ್ರಸಿದ್ಧ ಕಥೆ 11–12ನೆಯ ಶತಮಾನದ ಶಾಸನಗಳಲ್ಲಿ ವಿಸ್ತಾರವಾಗಿ ಬೆಳೆದು ನಿಂತದ್ದು; ಅಷ್ಟು ಹೊತ್ತಿಗೆ ಗಂಗರ ರಾಜ್ಯವೇ ಇರಲಿಲ್ಲ. ಸಂಪ್ರದಾಯವಾಗಿ ಅದಕ್ಕೆ ಬೆಲೆಯುಂಟು. ಆದರೆ ಅದನ್ನು ಹಿಡಿದು ‘ಕೋಲಾರ ನಮ್ಮದು’ ಎನ್ನುವವರಿಗೂ, ಅದೇ ಗಂಗರು ಬ್ರಾಹ್ಮಣರಿಗೆ ಕೊಟ್ಟ ಶಾಸನಗಳನ್ನು ಹಿಡಿದು ‘ಅಲ್ಲ, ನಮ್ಮದು’ ಎನ್ನುವವರಿಗೂ ನೊಣಮಂಗಲದ ತಗಡುಗಳಲ್ಲಿ ಉತ್ತರವಿದೆ. ದೇವರು ಯಾರೇ ಇರಲಿ, ನೈವೇದ್ಯದ ಅಕ್ಕಿ ಕೆರೆಯ ಕೆಳಗೇ ಬೆಳೆಯಬೇಕಿತ್ತು. ತಲಕಾಡಿಗೆ ಹೋದ ಮೇಲೂ ಗಂಗರು ‘ಕುವಳಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಬಿಟ್ಟುಬಂದ ಊರನ್ನು ಹೆಸರಿನಲ್ಲಿ ಹೊತ್ತು ತಿರುಗುವ ಪ್ರೀತಿ ಅದು.

ಮುಳಬಾಗಿಲು ತಾಲ್ಲೂಕಿನ ಆವನಿಯ ಮಾತೂ ಬೇರೆಯಲ್ಲ. ರಾಮಲಿಂಗೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಗುಡಿಗಳ ಆ ಸಮುಚ್ಚಯವನ್ನು ನೋಡಬಂದವರು ಸೀತೆಯ ಕಥೆ ಕೇಳಿ, ಬೆಟ್ಟ ಹತ್ತಿ ಇಳಿಯುತ್ತಾರೆ. ನೊಳಂಬರ ಕಾಲದಲ್ಲಿ, 10ನೆಯ ಶತಮಾನದಲ್ಲಿ, ಆವನಿಯ ಸ್ಥಾನವನ್ನು ನಲವತ್ತು ವರ್ಷ ಆಳಿದ ತ್ರಿಭುವನಕರ್ತ ಎಂಬ ಶೈವ ಯತಿ ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಅಲ್ಲಿನ ಶಾಸನ ಹೇಳುತ್ತದೆ. ಗುಡಿಗಳ ಜೊತೆಗೇ ಕೆರೆಗಳನ್ನೂ ಎಣಿಸಿದ ಶಾಸನಕಾರನ ಬುದ್ಧಿ ಇಂದಿನ ಪ್ರವಾಸೋದ್ಯಮದ ಕೈಪಿಡಿ ಬರೆಯುವವರಿಗೆ ಇಲ್ಲ. ಅವರಿಗೆ ಗುಡಿ ಪರಂಪರೆ. ಕೆರೆ ಸಣ್ಣ ನೀರಾವರಿ ಇಲಾಖೆಯ ಕಡತ.

1004ರ ಸುಮಾರಿಗೆ ಚೋಳರು ಗಂಗವಾಡಿಯನ್ನು ಗೆದ್ದರು. ಈ ಸೀಮೆ ನಿಗರಿಲಿಚೋಳಮಂಡಲವಾಯಿತು. ಕೋಲಾರಮ್ಮನ ಗುಡಿಯ ತಮಿಳು ಶಾಸನಗಳಲ್ಲಿ ಆ ತಾಯಿ ‘ಪಿಡಾರಿ’. ಇಂಥ ಕಲ್ಲುಗಳನ್ನು ತೋರಿಸಲು ಹಲವು ಅಭಿಮಾನಿಗಳಿಗೆ ಮುಜುಗರ. ಗಡಿಯಲ್ಲಿ ತಮಿಳು ಶಾಸನ ಎಂದೊಡನೆ ಯಾರೋ ಹಕ್ಕು ಕೇಳಿ ಬರುವರೆಂಬ ಭಯ! ಕಲ್ಲು ಯಾವ ಭಾಷೆಯದಾದರೂ ಈ ನೆಲದ್ದೇ. ತಮಿಳು ಮನೆಮಾತಿನ ಕುಟುಂಬದಿಂದ ಬಂದು, 1891ರಲ್ಲಿ ಮಾಲೂರು ಸೀಮೆಯ ಹೊಂಗೇನಹಳ್ಳಿಯಲ್ಲಿ ಹುಟ್ಟಿದವರು ಕನ್ನಡದ ಸಣ್ಣಕಥೆಗೆ ತಂದೆಯೆನಿಸಿ, ‘ಚಿಕವೀರ ರಾಜೇಂದ್ರ’ಕ್ಕೆ ಜ್ಞಾನಪೀಠ ಪಡೆದದ್ದು ಇದೇ ಕೋಲಾರದ ವೈಭವವಲ್ಲವೇ? ವೇದಿಕೆಯಲ್ಲಿ ಮಾಸ್ತಿಯವರ ಹೆಸರು ಕೂಗುವವರು ಕೋಲಾರಮ್ಮನ ಗುಡಿಯ ಗೋಡೆಗೆ ಬೆನ್ನು ಮಾಡುವುದು ವಿಚಿತ್ರ.

ಕೆರೆಯೆಂದರೆ ನೀರು ತುಂಬಿದ ಒಂದು ಗುಂಡಿಯಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ, ಹೀಗೆ ಸರಪಳಿಯಾಗಿ ಪಾಲಾರ್, ಪಿನಾಕಿನಿಯರ ಕಣಿವೆಗಳವರೆಗೆ ಹೆಣೆದ ವ್ಯವಸ್ಥೆ ಅದು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಒಂದೊಂದಕ್ಕೂ ಹೊಣೆಗಾರರಿದ್ದರು. ಕೆರೆಯ ರಕ್ಷಣೆಗೆಂದು ಬಿಟ್ಟ ಭೂಮಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಯಾವ ಗದ್ದೆಗೆ ಯಾವ ಹೊತ್ತು ಎಷ್ಟು ನೀರು ಎಂಬುದನ್ನು ತೂಬಿನ ಬಳಿ ನಿಂತು ತೀರ್ಮಾನಿಸುತ್ತಿದ್ದವನು ನೀರಗಂಟಿ. ಬಹಳ ಊರುಗಳಲ್ಲಿ ಅವನು ದಲಿತ. ಊರೊಳಗಿನ ಗುಡಿಗೆ ಪ್ರವೇಶವಿಲ್ಲದವನ ಕೈಯಲ್ಲಿ ಊರಿನ ಅನ್ನವಿತ್ತು. ಪರಂಪರೆಯನ್ನು ಕೊಂಡಾಡುವವರು ಈ ಅರ್ಧವನ್ನೂ ಹೇಳಬೇಕು, ಹೇಳುವುದಿಲ್ಲ.

ಈಗ ಆ ಸರಪಳಿಗೆ ಒದಗಿದ ಗತಿ ಎಲ್ಲರ ಕಣ್ಣ ಮುಂದಿದೆ. ಮಾಲೂರಿನ ಇಟ್ಟಿಗೆಗೂ ಹೆಂಚಿಗೂ ಕೆರೆಯಂಗಳದ ಜೇಡಿ ಹೋಯಿತು. ಟೇಕಲ್ಲಿನ ಬಂಡೆಗಳು ಕಲ್ಲುಗಣಿಗಳಾದವು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಹೊಲಗಳಿಗೆ ನೀಲಗಿರಿ ಬಂತು. ದಿವಾನ್ ಪೂರ್ಣಯ್ಯನವರು ಮಗನ ಹೆಸರಿಟ್ಟ ಶ್ರೀನಿವಾಸಪುರದಲ್ಲಿ ಮಳೆಯನ್ನೇ ನಂಬಿದ ಮಾವು ಹೇಗೋ ಸೀಮೆಯ ಮಾನ ಕಾಯುತ್ತಿದೆ; ಉಳಿದ ಬೆಳೆ ಸಾವಿರ ಅಡಿ ದಾಟಿದ ಕೊಳವೆಬಾವಿಗಳ ದಯೆಯಲ್ಲಿದೆ. ಆ ಆಳದ ನೀರಿನಲ್ಲಿ ಫ್ಲೋರೈಡ್.

2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೊಳವೆಗಳಲ್ಲಿ ಬಂದು ಇಲ್ಲಿನ ಕೆರೆಗಳನ್ನು ತುಂಬುತ್ತಿದೆ. ಬತ್ತಿದ ಬಾವಿಯ ಮುಂದೆ ನಿಂತ ರೈತ ಅದನ್ನು ಸ್ವಾಗತಿಸಿದರೆ ಅವನನ್ನು ಹಂಗಿಸುವ ಹಕ್ಕು ಯಾರಿಗೂ ಇಲ್ಲ. ಅಂತರ್ಜಲ ಮೇಲೆ ಬಂದ ಊರುಗಳುಂಟು. ಆದರೆ ಎರಡು ಹಂತದ ಸಂಸ್ಕರಣೆಗೇ ನಿಲ್ಲಿಸಿ, ಮೂರನೆಯದನ್ನು ಕೇಳಿದವರನ್ನು ಅಭಿವೃದ್ಧಿವಿರೋಧಿಗಳೆಂದು ಕರೆದದ್ದು ಯಾವ ನ್ಯಾಯ? ಮಹಾನಗರ ಕುಡಿದು ಬಳಸಿ ಬಿಟ್ಟದ್ದನ್ನು ‘ಭಗೀರಥ ಕಾರ್ಯ’ ಎಂದು ಸ್ತುತಿಸುವ ಮಂದಿ, ಅದಕ್ಕಿಂತ ಕಡಿಮೆ ವೆಚ್ಚದಲ್ಲಿ ತೆರವಾಗಬಹುದಾದ ರಾಜಕಾಲುವೆಗಳ ಬಗ್ಗೆ ತುಟಿ ಬಿಚ್ಚುವುದಿಲ್ಲ, ಏಕೆಂದರೆ ಒತ್ತುವರಿ ಮಾಡಿದವರು ಹಲವು ಕಡೆ ಅದೇ ವೇದಿಕೆಯ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ. 2021ರ ನವೆಂಬರಿನ ಮಳೆಗೆ ಬಹುಕಾಲದ ಮೇಲೆ ಕೆರೆಗಳು ಕೋಡಿ ಹರಿದಾಗ ಜನ ತಂಡತಂಡವಾಗಿ ಏರಿಗೆ ಬಂದು ಪೂಜೆ ಮಾಡಿದರು. ಆಕಾಶ ಕೈಬಿಟ್ಟಿಲ್ಲ, ನೀರಿನ ದಾರಿಯನ್ನು ಮುಚ್ಚಿದವರು ನೆಲದ ಮೇಲೇ ಇದ್ದಾರೆ.

ದಾನ ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಬೀಳಲೆಂದು ಹಳೆಯ ದತ್ತಿಶಾಸನಗಳು ಶಪಿಸುತ್ತವೆ. ಕೆರೆಯ ಕೊಡಗೆಗಳಿಗೂ ಅದೇ ಶಾಪದ ಕಾವಲು. ಒತ್ತುವರಿದಾರರು ಅದಕ್ಕೆ ಅಂಜುವ ಕಾಲ ಹೋಯಿತು. ಕಂದಾಯ ನಕ್ಷೆಗಾದರೂ ಅಂಜಬೇಕು. ಅಂಜಿಸುವುದು ಜಿಲ್ಲಾಡಳಿತದ ಕೆಲಸ.

ಹೆಮ್ಮೆಪಡಲು ಹೊರಟವರು ಮೊದಲು ಮಾಡಬೇಕಾದದ್ದು ದೊಡ್ಡದೇನಲ್ಲ. ಹತ್ತನೆಯ ಸಂಪುಟ ತಾಲ್ಲೂಕುವಾರು ಅಚ್ಚಾಗಿದೆ. ಕಲ್ಲು ಯಾವ ಊರಿನ ಯಾವ ಹೊಲದಲ್ಲಿ, ಯಾವ ಕೆರೆಯ ಬಳಿ ಎಂದು ರೈಸ್ ಬರೆದಿಟ್ಟಿದ್ದಾರೆ. ಅದನ್ನು ಹಿಡಿದು ಊರೂರು ಸುತ್ತಿ, ಉಳಿದ ಕಲ್ಲು ಎಷ್ಟು, ಒಗೆಯುವ ಬಂಡೆಯಾದದ್ದು ಎಷ್ಟು, ಹೊಸ ಮನೆಯ ತಳಪಾಯ ಸೇರಿದ್ದು ಎಷ್ಟು ಎಂದು ಎಣಿಸಬೇಕು. ಸಿಕ್ಕ ಕಲ್ಲಿನ ಸಾರವನ್ನು ಇಂದಿನ ಕನ್ನಡದಲ್ಲಿ ಆ ಕೆರೆಯ ಏರಿಯ ಮೇಲೇ ಬರೆಸಿ ನಿಲ್ಲಿಸಬೇಕು. ಶ್ರೀಪಾದರಾಜರ ಮುಳಬಾಗಿಲಿನಿಂದ ಮಾಸ್ತಿಯ ಮಾಲೂರಿನವರೆಗೆ ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ ಅಲ್ಲಿಗೆ ಬಂದು ಅದನ್ನು ಓದಬೇಕು. ತೂಬನ್ನು ಎತ್ತುವುದು ಹೇಗೆಂದು ಉಳಿದಿರುವ ನೀರಗಂಟಿಗಳು ಅವರಿಗೆ ತೋರಿಸಬೇಕು. ಸ್ವಾಗತ ಕಮಾನಿಗೆ ತೆಗೆದಿಟ್ಟ ಹಣ ಇದಕ್ಕೆ ಧಾರಾಳವಾಗಿ ಸಾಕು. ಜಿಲ್ಲೆಯ ಮುಂದಿನ ಉತ್ಸವದ ಆಹ್ವಾನಪತ್ರಿಕೆಯಲ್ಲಿ ಸಚಿವರ ಹೆಸರಿಗಿಂತ ಮೇಲೆ ಒಬ್ಬ ನೀರಗಂಟಿಯ ಹೆಸರು ಅಚ್ಚಾಗಲಿ.