ನೋಡಿ ಬರೆದ ಚಿತ್ರ, ನಂಬಿ ಬರೆದ ಚಿತ್ರ

ಪ್ರಯೋಗಶಾಲೆಯ ಜರ್ನಲ್ಲಿಗೆ ಚಿತ್ರ ಬರೆಯುವಾಗ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಎದುರಿಗಿರುವ ಉಪಕರಣವನ್ನು ನೋಡುವುದಿಲ್ಲ. ಹಿಂದಿನ ವರ್ಷದವರ ಜರ್ನಲ್ಲನ್ನು ತೆರೆದಿಟ್ಟು ನಕಲು ಮಾಡುತ್ತಾರೆ. ಚಿತ್ರವು ಅಂದವಾಗಿರುತ್ತದೆ; ಅಂಕಗಳೂ ದೊರೆಯುತ್ತವೆ. ಇದರಿಂದಾಗುವ ನಷ್ಟವೇನೆಂಬುದನ್ನು ಒಬ್ಬ ಚಿತ್ರಕಾರನ ಕೆಲಸದಿಂದ ಅರಿಯಬಹುದೆಂದು ನಾವು ಭಾವಿಸುತ್ತೇವೆ.

ಫ್ರಾನ್ಸಿನ ತೆಯೊದೋರ್ ಜೆರಿಕೋ (1791–1824) ರೊಮ್ಯಾಂಟಿಕ್ ಪಂಥದ ಪ್ರಮುಖ ಚಿತ್ರಕಾರರಲ್ಲಿ ಒಬ್ಬನು. 1816ರಲ್ಲಿ ‘ಮೆಡ್ಯೂಸ್’ ಎಂಬ ಹಡಗು ಆಫ್ರಿಕದ ಪಶ್ಚಿಮ ಕರಾವಳಿಯ ಬಳಿ ಮರಳುದಿಣ್ಣೆಗೆ ಸಿಕ್ಕಿಬಿದ್ದಿತು. ತೆಪ್ಪವೇರಿದ ಸುಮಾರು 150 ಜನರಲ್ಲಿ 13 ದಿನಗಳ ತರುವಾಯ ಉಳಿದಿದ್ದವರು 15 ಮಂದಿ ಮಾತ್ರ. ಈ ದುರಂತವನ್ನು ಚಿತ್ರಿಸಹೊರಟ ಜೆರಿಕೋ ಬದುಕಿ ಬಂದವರನ್ನು ಕಂಡು ವಿಚಾರಿಸಿದನು. ತೆಪ್ಪದ ಮಾದರಿಯನ್ನು ಮಾಡಿಸಿದನು. ಆಸ್ಪತ್ರೆಗೆ ಹೋಗಿ ಸಾವಿನ ಅಂಚಿನಲ್ಲಿದ್ದವರನ್ನು ನೋಡಿ ದೇಹರಚನೆಯ ಅಭ್ಯಾಸಚಿತ್ರಗಳನ್ನು ಬರೆದನು. 1819ರಲ್ಲಿ ಪ್ರದರ್ಶಿತವಾದ ಆ ಮಹಾಚಿತ್ರದಲ್ಲಿ ಸ್ನಾಯುಗಳ ಸೆಳೆತವೂ ದೇಹಗಳ ಭಾರವೂ ಇಂದಿಗೂ ನಿಜವೆನಿಸುತ್ತವೆ.

ಅದೇ ಕೈ 1821ರಲ್ಲಿ ಇಂಗ್ಲೆಂಡಿನ ಎಪ್ಸಮ್ ಕುದುರೆ ಪಂದ್ಯವನ್ನು ಚಿತ್ರಿಸಿತು. ಅಲ್ಲಿ ಕುದುರೆಗಳು ಮುಂಗಾಲುಗಳನ್ನು ಮುಂದಕ್ಕೂ ಹಿಂಗಾಲುಗಳನ್ನು ಹಿಂದಕ್ಕೂ ಚಾಚಿ ಗಾಳಿಯಲ್ಲಿ ತೇಲುತ್ತಿವೆ. ಲಾಯದಲ್ಲಿ ನಿಂತ ಕುದುರೆಯನ್ನು ಜೆರಿಕೋ ಎಷ್ಟೋ ಸಲ ಅಭ್ಯಾಸ ಮಾಡಿದ್ದನು. ಆದರೆ ನಾಗಾಲೋಟದ ಒಂದು ಆವರ್ತವು ಸುಮಾರು ಅರ್ಧ ಸೆಕೆಂಡಿನಲ್ಲಿ ಮುಗಿಯುತ್ತದೆ. ಅದರೊಳಗಿನ ಭಂಗಿಗಳನ್ನು ಕಣ್ಣು ಬಿಡಿಬಿಡಿಯಾಗಿ ಕಾಣಲಾರದು. ಕಣ್ಣು ಸೋತೆಡೆಯಲ್ಲಿ ಹಿಂದಿನ ಚಿತ್ರಕಾರರ ರೂಢಿಯೇ ಕೈಯನ್ನು ನಡೆಸಿತು. 1878ರಲ್ಲಿ ಮೈಬ್ರಿಜ್ ಎಂಬಾತನು 12 ಕ್ಯಾಮೆರಾಗಳನ್ನು ಸಾಲಾಗಿಟ್ಟು ತೆಗೆದ ಚಿತ್ರಗಳಲ್ಲಿ, ನಾಲ್ಕು ಗೊರಸುಗಳೂ ನೆಲ ಬಿಟ್ಟಾಗ ಕುದುರೆಯ ಕಾಲುಗಳು ಹೊಟ್ಟೆಯ ಕೆಳಗೆ ಮಡಿಚಿಕೊಂಡಿದ್ದುದು ಕಂಡುಬಂದಿತು.

ಸ್ವಾರಸ್ಯವೆಂದರೆ, ಕುದುರೆಗೆ ಸಲ್ಲದ ಆ ಚಾಚಿದ ಭಂಗಿಯು ವೇಗವಾಗಿ ಓಡುವ ಬೇಟೆನಾಯಿಗೆ ಸಲ್ಲುತ್ತದೆ. ಬೆನ್ನೆಲುಬು ಬಿಲ್ಲಿನಂತೆ ಬಾಗಿ ಚಾಚುವುದರಿಂದ ಅದು ಕಾಲುಗಳನ್ನು ಮಡಿಚಿದಾಗೊಮ್ಮೆ, ಚಾಚಿದಾಗೊಮ್ಮೆ, ಹೀಗೆ ಒಂದೇ ಆವರ್ತದಲ್ಲಿ ಎರಡು ಸಲ ನೆಲ ಬಿಡುತ್ತದೆ. ಇದನ್ನು ಕಾಣಲು ನಮ್ಮ ಲೋಕಾಪುರದ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ; ಮುಧೋಳ ನಾಯಿಯ ತವರು ಅವರದೇ ತಾಲ್ಲೂಕು. ಅದರ ಓಟವನ್ನು ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಸೆರೆಹಿಡಿದು, ಒಂದೊಂದೇ ಭಂಗಿಯನ್ನು ನಿಲ್ಲಿಸಿ, ಪೆನ್ಸಿಲಿನಿಂದ ಬರೆದು ನೋಡಲಿ.

ಜೆರಿಕೋವಿಗೆ ಕ್ಯಾಮೆರಾ ಇರಲಿಲ್ಲ; ನಮ್ಮ ವಿದ್ಯಾರ್ಥಿಗೆ ಆ ಕಾರಣವೂ ಇಲ್ಲ. ಕಣ್ಣಿಗೆ ಎಟುಕುವುದನ್ನು ಕಣ್ಣಿನಿಂದ, ಎಟುಕದುದನ್ನು ಉಪಕರಣದಿಂದ ನೋಡಿಯೇ ಬರೆಯತಕ್ಕದ್ದು. ಪರೀಕ್ಷಕರೂ ಅಂದವಾದ ನಕಲಿಗಿಂತ ನೋಡಿ ಬರೆದ ಸೊಟ್ಟ ಗೆರೆಗೆ ಹೆಚ್ಚು ಅಂಕ ಕೊಡುವುದು ನ್ಯಾಯವೆಂಬುದು ನಮ್ಮ ಅಭಿಪ್ರಾಯ.