ಲೈವ್ ಹಚ್ಚಿದರೆ ಮುಗೀತೇನು? ಟೈಮ್ ಬರೆದೋರು ಯಾರು?

ಇವತ್ತು ಬೈಯೋದು ನಮ್ಮವರನ್ನೇ. ಸಿಟ್ಟು ಬಂದರೂ ಪೂರ್ತಿ ಓದ್ರಿ.

ಹೋದ ತಿಂಗಳ ಧರಣಿಯ ಲೈವ್ ಮೂರು ತಾಸು ಹೋಯ್ತು. ಕಮಲಾಪುರ ಕಡೆಯಿಂದ ಬಂದ ಒಬ್ಬ ಅವ್ವ, ಸ್ಮಶಾನಕ್ಕ ಜಾಗ ಇಲ್ಲದೆ ಗಂಡನ ಹೆಣ ಹಳ್ಳದ ದಂಡಿಗೆ ಒಯ್ದದ್ದನ್ನು ಹೇಳಿದರು. ಬೆಳಗಾಗೋದ್ರೊಳಗ ಯಾರೋ ನಮ್ಮ ಲೈವಿನಿಂದಲೇ ಹದಿನೆಂಟು ಸೆಕೆಂಡ್ ಕತ್ತರಿಸಿ, ಒಬ್ಬ ಹುಡುಗ ಸಿಟ್ಟಿನಾಗ ಬೈದದ್ದಷ್ಟೇ ವಾಟ್ಸಾಪ್ ತುಂಬ ಹಂಚಿದರು. ಉತ್ತರ ಕೊಡೋಣ ಅಂತ ಸೇಡಂ ರಸ್ತೆಯ ಚಹಾ ಅಂಗಡಿಯಾಗ ಕೂತರೆ, ಅವ್ವನ ಮಾತು ಎಲ್ಲಿ ಅದ ಅಂತ ಒಬ್ಬರಿಗೂ ಗೊತ್ತಿಲ್ಲ! ನೆಟ್‌ವರ್ಕ್ ಹೋಗಿ ಲೈವ್ ಐದು ತುಂಡಾಗಿತ್ತು. ನಾಲ್ಕು ಮಂದಿ ಒಂದು ಫೋನ್ ಹಿಡಿದು ಹಿಂದೆ-ಮುಂದೆ ಎಳೆದಿದ್ದೇ ಎಳೆದಿದ್ದು. ಸಿಕ್ಕಾಗ ರಾತ್ರಿ ಹನ್ನೊಂದು. (ಮುಖಂಡರಿಗೆ ಹಾರ ಹಾಕಿದ ನಿಮಿಷ ಮಾತ್ರ ಎಲ್ಲರಿಗೂ ನೆನಪಿತ್ತು.) ನಮ್ಮ ಮಾತು ಕತ್ತರಿಸೋರು ನಮಗಿಂತ ಗಮನ ಇಟ್ಟು ನಮ್ಮ ಲೈವ್ ನೋಡ್ತಾರ.

ನಾನು ಆಫೀಸಿನ ಗುಮಾಸ್ತ. ಇನ್‌ವರ್ಡ್ ನಂಬರ್ ಬೀಳದ ಅರ್ಜಿಯನ್ನು "ಬಂದೇ ಇಲ್ಲ" ಅನ್ನೋದು ಎಷ್ಟು ಸುಲಭ ಅಂತ ನನಗೆ ಗೊತ್ತು.

ಕ್ಯಾಮೆರಾ ಹಿಡಿದವನಿಗೆ ಈ ಕೆಲಸ ಹಚ್ಚಬ್ಯಾಡ್ರಿ. ಪಕ್ಕದಾಗ ಇನ್ನೊಬ್ಬರು ನೋಟ್‌ಬುಕ್ ಹಿಡಿದು ಕೂಡಲಿ. ಲೈವ್ ಶುರುವಾದ ಟೈಮ್ ಮೊದಲು, ಆಮೇಲೆ "11:42, ಸ್ಮಶಾನ, ಅವ್ವ" ಅಷ್ಟೇ. ಗಡಿಯಾರದ ಟೈಮೇ ಬರೀರಿ. ಲೈವ್ ಕಡಿದು ಮತ್ತೆ ಹಚ್ಚಿದರೆ ಅದರ ಎಣಿಕೆ ಸೊನ್ನೆಯಿಂದ ಶುರು ಆಗ್ತದ. ಲ್ಯಾಪ್‌ಟಾಪಿನಾಗ ಓಬಿಎಸ್ ಬಳಸೋ ಹುಡುಗರೇ, 2024ರ 30.2 ಆವೃತ್ತಿಯಿಂದ ಹೈಬ್ರಿಡ್ ಎಂಪಿ4 ರೆಕಾರ್ಡಿಂಗ್‌ನಾಗ ಒಂದು ಕೀ ಒತ್ತಿದರೆ ಅಲ್ಲೇ ಗುರುತು ಬೀಳ್ತದ. ಅದು ಪುಕ್ಕಟೆ.

"ಫೇಸ್‌ಬುಕ್‌ನಾಗ ಅದ ಬಿಡಣ್ಣ" ಅನ್ನೋರು ಕೇಳ್ರಿ. 2025ರ ಫೆಬ್ರವರಿ 19ರಿಂದ ಹೊಸ ಲೈವ್ ಅಲ್ಲಿ ಇರೋದು 30 ದಿನ ಮಾತ್ರ. ಇಳಿಸಿಕೊಳ್ಳಲಿಲ್ಲ ಅಂದ್ರ ಅಳಿಸಿ ಹೋಗ್ತದ. ಮೂಲ ಫೈಲ್ ಮುಟ್ಟಬ್ಯಾಡ್ರಿ, ಕತ್ತರಿ ಏನಿದ್ದರೂ ನಕಲಿನ ಮ್ಯಾಲೆ. ನಾಳೆ ಕೋರ್ಟಿಗೆ ಹೋದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಕೊಡಬೇಕಾಗ್ತದ. ಅವ್ವನ್ನ ಕೇಳಿಯೇ ಕ್ಲಿಪ್ ಬಿಡ್ರಿ. ಅದೇ ಊರಿಗೆ ವಾಪಸ್ ಹೋಗಿ ಬಾಳಬೇಕಾದವರು ಅವರು, ನಾವಲ್ಲ.

ದೌರ್ಜನ್ಯ ತಡೆ ಕಾಯ್ದೆಯ 15ಎ(10) ಪ್ರಕಾರ ಪ್ರಕರಣದ ನಡಾವಳಿಗಳ ವಿಡಿಯೋ ಆಗಲೇಬೇಕು ಅಂತ ಸರಕಾರಕ್ಕ ಮನವಿ ಕೊಡೋ ನಾವು, ನಮ್ಮದೇ ವಿಡಿಯೋದಾಗ ನಮ್ಮ ಅವ್ವನ ಮಾತು ಸಿಗದೆ ಒದ್ದಾಡಿದೆವು.

ಏಪ್ರಿಲ್ 14ಕ್ಕೆ ಜಗತ್ ವೃತ್ತದಿಂದ ಲೈವ್ ಮಾಡ್ತೀವಿ ಅಂತ ಹತ್ತು ಮಂದಿ ಹೆಸರು ಕೊಟ್ಟಾರ. ನೋಟ್‌ಬುಕ್ ಹಿಡಿಯಲಿಕ್ಕೆ ಇನ್ನೂ ಒಬ್ಬರೂ ಇಲ್ಲ. ಹೆಸರು ಕೊಡೋರು ಕೆಳಗ ಬರೀರಿ.