ಒಂದು ಹಿಡಿ ಮಣ್ಣಿನ ವಿಳಾಸ

ಶನಿಗ್ರಹದ ಪರಿವಾರದಲ್ಲಿ ಎನ್ಸೆಲಾಡಸ್ ಎಂಬ ಕಿರಿಯ ಚಂದ್ರನೊಂದುಂಟು. ಅದರ ವ್ಯಾಸ ಸುಮಾರು ೫೦೦ ಕಿಲೋಮೀಟರ್, ಮೈಯೆಲ್ಲ ಮಂಜುಗಡ್ಡೆ. ಆ ಗಡ್ಡೆಯ ಅಡಿಯಲ್ಲಿ ಉಪ್ಪುನೀರಿನ ಕಡಲಿದೆಯೆಂದೂ, ದಕ್ಷಿಣ ಧ್ರುವದ ಬಿರುಕುಗಳಿಂದ ಆ ನೀರು ಹಿಮಕಣಗಳಾಗಿ ಆಕಾಶಕ್ಕೆ ಚಿಮ್ಮುತ್ತಿದೆಯೆಂದೂ ಕ್ಯಾಸಿನಿ ನೌಕೆಯ ಶೋಧನೆಗಳಿಂದ ೨೦೦೫ರಿಂದೀಚೆಗೆ ತಿಳಿದುಬಂದಿತು. ಆ ಕಣಗಳನ್ನು ಹಿಡಿದು ಭೂಮಿಗೆ ತರಬಹುದೇ ಎಂಬ ಯೋಚನೆ ಅಂದಿನಿಂದ ವಿಜ್ಞಾನಿಗಳನ್ನು ಬಿಟ್ಟಿಲ್ಲ. ಆದರೆ ಕ್ಯಾಸಿನಿಗೆ ಶನಿಯನ್ನು ತಲುಪಲು ೧೯೯೭ರಿಂದ ೨೦೦೪ರವರೆಗೆ ಏಳು ವರ್ಷ ಹಿಡಿಯಿತು. ಮರಳಿ ಬರುವ ದಾರಿಯುದ್ದಕ್ಕೂ ಹಿಮವು ಹಿಮವಾಗಿಯೇ ಉಳಿಯಬೇಕು. ನಮ್ಮ ಸೂಕ್ಷ್ಮಜೀವಿಗಳು ಅದರೊಳಗೆ ಸೇರಬಾರದು, ಅದರೊಳಗೇನಾದರೂ ಇದ್ದರೆ ಅದು ನಮ್ಮ ಗಾಳಿಗೆ ಬೆರೆಯಬಾರದು. ಇಂಥ ಎಚ್ಚರಿಕೆಯನ್ನು ೧೯೬೭ರ ಬಾಹ್ಯಾಕಾಶ ಒಪ್ಪಂದವೇ ವಿಧಿಸಿದೆ.

ಅಷ್ಟು ದೂರದ ಯಾತ್ರೆ ಸಿದ್ಧಿಸುವ ಮುನ್ನ ಮನುಷ್ಯನು ಮನೆಯ ಹತ್ತಿರದ ಚಂದ್ರನಲ್ಲಿ ಅಭ್ಯಾಸ ಮಾಡಬೇಕಾಗಿದೆ. ನಮ್ಮ ಚಂದ್ರನಲ್ಲಿಯೂ ಬಿಸಿಲನ್ನೇ ಕಾಣದ ಧ್ರುವಕುಳಿಗಳುಂಟು, ಅಲ್ಲಿ ಹಿಮವಿದೆ. ೨೦೦೮ರಲ್ಲಿ ಹೊರಟ ಚಂದ್ರಯಾನ-೧ರ ಉಪಕರಣಗಳು ಚಂದ್ರನ ಮೈಯಲ್ಲಿ ನೀರಿನ ಕುರುಹನ್ನು ತೋರಿಸಿದವು. ಈಗ ಚಂದ್ರನ ಮಣ್ಣನ್ನೇ ತರುವ ಚಂದ್ರಯಾನ-೪ಕ್ಕೆ ಕೇಂದ್ರ ಮಂತ್ರಿಮಂಡಲವು ೨೦೨೪ರ ಸೆಪ್ಟೆಂಬರ್ ೧೮ರಂದು ಒಪ್ಪಿಗೆ ಕೊಟ್ಟಿದೆ. ಅಂದಾಜು ವೆಚ್ಚ ೨,೧೦೪ ಕೋಟಿ ರೂಪಾಯಿ. ಎರಡು ರಾಕೆಟ್ಟುಗಳಲ್ಲಿ ಐದು ಘಟಕಗಳು ಹೋಗಿ ಆಕಾಶದಲ್ಲಿ ಒಂದಾಗಬೇಕು. ಒಂದು ಇಳಿಯಬೇಕು, ಒಂದು ಮಣ್ಣನ್ನು ಹೊತ್ತು ಮೇಲೇರಬೇಕು, ಇನ್ನೊಂದು ಅದನ್ನು ಬೆಂಕಿಯಂಥ ವಾಯುಮಂಡಲವನ್ನು ದಾಟಿಸಿ ಭೂಮಿಗೆ ತಲುಪಿಸಬೇಕು. ಘಟಕಗಳು ಆಕಾಶದಲ್ಲಿ ಕೂಡುವ ವಿದ್ಯೆಯನ್ನು ನಮ್ಮವರು ೨೦೨೫ರ ಜನವರಿ ೧೬ರಂದು ಸಾಧಿಸಿ ತೋರಿಸಿದರು.

ಈ ಮಹಾಯೋಜನೆಯ ಪಾಠಶಾಲೆ ಚಿತ್ರದುರ್ಗ ಜಿಲ್ಲೆಯಲ್ಲಿದೆಯೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದು. ಚಳ್ಳಕೆರೆಯ ಸಮೀಪದ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ಸಂಸ್ಥೆಯವರು ಚಂದ್ರನ ಕುಳಿಗಳನ್ನು ಹೋಲುವ ಗುಂಡಿಗಳನ್ನು ತೋಡಿಸಿದರು. ಸುಮಾರು ೧೦ ಮೀಟರ್ ಅಗಲ, ೩ ಮೀಟರ್ ಆಳ. ನೌಕೆಯ ಕಣ್ಣುಗಳನ್ನು ವಿಮಾನಕ್ಕೆ ಕಟ್ಟಿ ಅವುಗಳ ಮೇಲೆ ಹಾರಿಸಿ, ಹಳ್ಳ ಯಾವುದು, ಸಮನೆಲ ಯಾವುದು ಎಂದು ಗುರುತಿಸುವುದನ್ನು ಕಲಿಸಿದರು. ೨೦೧೯ರಲ್ಲಿ ಚಂದ್ರಯಾನ-೨ರ ನೌಕೆ ಇಳಿಯುವಾಗ ಮುಗ್ಗರಿಸಿತು. ೨೦೨೩ರ ಆಗಸ್ಟ್ ೨೩ರಂದು ಅದರ ತಮ್ಮ ಚಂದ್ರನ ಮೇಲೆ ಕ್ಷೇಮವಾಗಿ ಕಾಲೂರಿತು.

ಆದರೆ ಇಳಿಯುವುದೂ ಮಣ್ಣನ್ನು ಬಾಚಿಕೊಳ್ಳುವುದೂ ಯೋಜನೆಯ ಅರ್ಧ ಮಾತ್ರ. ಉಳಿದರ್ಧವನ್ನು ಅರಿಯಲು ಕನ್ನಡ ಪಾಠ ಹೇಳುವ ನನಗೆ ಪಕ್ಕದ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ ನೆನಪಾಗುತ್ತದೆ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅಶೋಕನ ಶಾಸನಗಳನ್ನು ಕಂಡುಹಿಡಿದ ನೆಲವದು. ಮೈಸೂರಿನ ಎಂ. ಎಚ್. ಕೃಷ್ಣ ಅವರ ಉತ್ಖನನದ ತರುವಾಯ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಅಗೆದರು. ಬಯಸಿದ್ದರೆ ಮಡಕೆಯ ಚೂರುಗಳನ್ನು ಬುಟ್ಟಿಗೆ ತುಂಬಿಕೊಂಡು ಹೋಗಬಹುದಾಗಿತ್ತು. ಹಾಗೆ ಮಾಡದೆ ಯಾವ ಚೂರು ಯಾವ ಪದರದ್ದೆಂದು ಗುರುತಿಟ್ಟುಕೊಂಡರು. ಅಡಿಯಲ್ಲಿ ಕಲ್ಲುಕೊಡಲಿಯವರು, ಅವರ ಮೇಲೆ ಬೃಹತ್ ಶಿಲಾಸಮಾಧಿಯವರು, ಅದಕ್ಕೂ ಮೇಲೆ ಆಂಧ್ರರ ಕಾಲದವರು ಎಂಬ ಕ್ರಮ ಆಗ ಸ್ಪಷ್ಟವಾಯಿತು. ದಕ್ಷಿಣದ ಪ್ರಾಚೀನ ಚರಿತ್ರೆಗೆ ಕಾಲಗಣನೆ ದೊರೆತದ್ದು ಆ ಚೂರುಗಳ ವಿಳಾಸದಿಂದ. ವಿಳಾಸ ಕಳೆದುಕೊಂಡ ಚೂರು ಬರಿಯ ಚೂರು.

ಚಂದ್ರನ ಮಣ್ಣಿಗೂ ಇದೇ ನ್ಯಾಯ. ಚೀನದ ನೌಕೆ ೨೦೨೪ರ ಜೂನ್ ತಿಂಗಳಲ್ಲಿ ಚಂದ್ರನ ಹಿಂಬದಿಯಿಂದ ೧,೯೩೫.೩ ಗ್ರಾಂ ಮಣ್ಣನ್ನು ತಂದಿತು. ತೂಕದಲ್ಲಿ ಎರಡು ಕಿಲೋ ಕೂಡ ಇಲ್ಲ. ಆದರೆ ಅದು ಯಾವ ಕುಳಿಯದ್ದೆಂದು ತಿಳಿದಿರುವುದರಿಂದಲೇ ಅದಕ್ಕೆ ಬೆಲೆ. ಹಿಮದ ವಿಷಯದಲ್ಲಂತೂ ಆಳ, ಶೀತ, ಕತ್ತಲೆ ಇವೆಲ್ಲ ವಿಳಾಸದ ಅಂಗಗಳು. ಒಮ್ಮೆ ಕರಗಿದರೆ ಅದು ಹೇಳಬೇಕಾದ ಕಥೆಯೂ ಕರಗಿಹೋಗುತ್ತದೆ.

ಇಷ್ಟು ಎಚ್ಚರ ಚಂದ್ರನ ನೆಲಕ್ಕೆ ಸಲ್ಲುವುದಾದರೆ ಕಾವಲಿನ ನೆಲಕ್ಕೆ ಎಷ್ಟು ಸಂದಿದೆ? ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಹುಲ್ಲುಗಾವಲು ಅದು, ಕೃಷ್ಣಮೃಗದ ನೆಲೆ, ಕುರಿಗಾಹಿಗಳ, ದೇವರ ಎತ್ತುಗಳನ್ನು ಸಾಕುವ ಮ್ಯಾಸನಾಯಕರ ಬದುಕಿನ ಆಸರೆ. ೨೦೦೮ರಿಂದ ಮುಂದಿನ ಕೆಲವೇ ವರ್ಷಗಳಲ್ಲಿ ರಕ್ಷಣಾ ಸಂಶೋಧನೆಗೆ ೪,೨೯೦ ಎಕರೆ, ಭಾಭಾ ಅಣು ಸಂಶೋಧನ ಕೇಂದ್ರಕ್ಕೆ ೧,೮೧೦, ಭಾರತೀಯ ವಿಜ್ಞಾನ ಸಂಸ್ಥೆಗೆ ೧,೫೦೦, ಇಸ್ರೋ ಸಂಸ್ಥೆಗೆ ೫೭೩ ಎಕರೆ ಅಲ್ಲಿ ಹಂಚಿಕೆಯಾಯಿತು. ಹಳ್ಳಿಗರು ವಿರೋಧಿಸಿದರು, ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲನ್ನೂ ಹತ್ತಿತು. ವಿಜ್ಞಾನ ಬೇಡವೆಂಬ ವಾದ ನನ್ನದಲ್ಲ. ಉಳ್ಳಾರ್ತಿಯ ಗುಂಡಿಗಳು ದೇಶಕ್ಕೆ ಕೀರ್ತಿ ತಂದಿವೆ. ನನ್ನ ಆಕ್ಷೇಪಣೆ ಇಷ್ಟೇ: ಕಡತದಲ್ಲಿ ‘ಬಂಜರು’ ಎಂಬ ಒಂದು ಮಾತನ್ನು ಬರೆದರೆ ಹುಲ್ಲುಗಾವಲಿನ ವಿಳಾಸ ಅಳಿದುಹೋಗುತ್ತದೆ. ಮರವಿಲ್ಲದ ನೆಲ ಬರಿದಾದ ನೆಲವಲ್ಲ.

ಆದುದರಿಂದ ಯೋಜಕರಲ್ಲಿ ಒಂದು ಬಿನ್ನಹ. ಚಂದ್ರನ ಒಂದೊಂದು ಚಿಟಿಕೆ ಮಣ್ಣಿಗೂ ಲೆಕ್ಕಪುಸ್ತಕ ಇಡುವಂತೆಯೇ ಈ ಕಾವಲುಗಳಿಗೂ ಒಂದನ್ನು ಇಡಿಸಿರಿ: ಯಾವ ಹುಲ್ಲು ಎಲ್ಲಿ ಬೆಳೆಯುತ್ತಿತ್ತು, ಯಾವ ಹಾದಿಯಲ್ಲಿ ದನ ಕೆರೆಗೆ ಇಳಿಯುತ್ತಿತ್ತು, ಯಾವ ಹಳ್ಳಿಯವರ ಕುರಿ ಯಾವ ತಿಂಗಳು ಎಲ್ಲಿ ಮೇಯುತ್ತಿತ್ತು. ಹೇಳಬಲ್ಲ ಮುದುಕರು ಇನ್ನೂ ಇದ್ದಾರೆ. ಬರೆದುಕೊಳ್ಳಬಲ್ಲ ಹುಡುಗ ಹುಡುಗಿಯರು ಚಳ್ಳಕೆರೆ, ಮೊಳಕಾಲ್ಮೂರುಗಳ ಕಾಲೇಜುಗಳಲ್ಲಿ ಇದ್ದಾರೆ. ಆ ಬೇಲಿಯ ಬಾಗಿಲನ್ನು ಅವರಿಗೆ ತೆರೆಯುವುದು ಬೇರೆ ಚಂದ್ರನಿಗೆ ನೌಕೆ ಕಳಿಸುವಷ್ಟು ಕಷ್ಟದ ಕೆಲಸವೇನೂ ಅಲ್ಲ. ತಡಮಾಡಿದರೆ ಮಾತ್ರ, ಹಿಮದಂತೆ ಈ ಸಾಕ್ಷ್ಯವೂ ಕರಗುತ್ತದೆ.